ಭೂಕಂಪದ ಪಾಠ ಗಡಿ ದಾಟುವಾಗ ಮಣ್ಣು ಹಿಂದೆ ಉಳಿಯುತ್ತದೆ

2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನ ಸಾಗಾಯಿಂಗ್ ಸ್ತರಭಂಗದಲ್ಲಿ 7.7 ಪ್ರಮಾಣದ ಭೂಕಂಪ ಸಂಭವಿಸಿದಾಗ, ಕೇಂದ್ರದಿಂದ ಸುಮಾರು 1,000 ಕಿ.ಮೀ. ದೂರದ ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಮೂವತ್ತು ಅಂತಸ್ತಿನ ಸರ್ಕಾರಿ ಕಟ್ಟಡವೊಂದು ಕುಸಿದುಬಿತ್ತು. ಆ ಕಟ್ಟಡದ ವಿನ್ಯಾಸ ಮತ್ತು ಕಾಮಗಾರಿಯ ಲೋಪಗಳ ಬಗ್ಗೆ ತನಿಖೆ ನಡೆದದ್ದು ಬೇರೆ ವಿಷಯ. ಆದರೆ ಅಷ್ಟು ದೂರ ಸಾಗುವಷ್ಟರಲ್ಲಿ ಕ್ಷೀಣಿಸಿರಬೇಕಿದ್ದ ಅಲೆಗಳು ನಗರದ ಎತ್ತರದ ಕಟ್ಟಡಗಳನ್ನು ತೂಗಾಡಿಸಿದ್ದಕ್ಕೆ ಮುಖ್ಯ ಕಾರಣ ಬ್ಯಾಂಕಾಕ್‌ನ ಅಡಿಯಲ್ಲಿರುವ ಮೆತ್ತನೆಯ ಜೇಡಿಮಣ್ಣು. ಇದು ಹೊಸ ಸಂಗತಿಯೇನಲ್ಲ. 1985ರ ಸೆಪ್ಟೆಂಬರ್ 19ರಂದು ಪೆಸಿಫಿಕ್ ಕರಾವಳಿಯಲ್ಲಿ ಹುಟ್ಟಿದ 8ರ ಪ್ರಮಾಣದ ಕಂಪನವು 350 ಕಿ.ಮೀ.ಗೂ ಹೆಚ್ಚು ಒಳನಾಡಿನಲ್ಲಿರುವ ಮೆಕ್ಸಿಕೊ ನಗರವನ್ನು ತಲುಪಿದಾಗ, ಬತ್ತಿದ ಸರೋವರದ ಅಂಗಳದ ಮೇಲೆ ಬೆಳೆದಿದ್ದ ಬಡಾವಣೆಗಳ ಅಡಿಯ ಜೇಡಿಯು ಸುಮಾರು ಎರಡು ಸೆಕೆಂಡುಗಳ ಲಯದಲ್ಲಿ ಓಲಾಡಿ, ಆ ಲಯಕ್ಕೆ ಹೊಂದುವ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳನ್ನೇ ಹೆಚ್ಚಾಗಿ ಕೆಡವಿತ್ತು. ಅದೇ ನಗರದ ಗಟ್ಟಿ ನೆಲದ ಭಾಗಗಳಲ್ಲಿ ಹಾನಿ ಬಹಳ ಕಡಿಮೆಯಾಗಿತ್ತು. ದೂರಕ್ಕಿಂತ ಮಣ್ಣೇ ಮುಖ್ಯವಾಗಬಹುದು ಎಂಬ ಈ ಅರಿವು ನಾಲ್ಕು ದಶಕಗಳಿಂದ ಜಗತ್ತಿನ ಎಂಜಿನಿಯರುಗಳ ಕೈಯಲ್ಲಿದೆ. ಹಾಗಾದರೆ ಒಂದು ದೇಶ ಕಲಿತದ್ದು ಇನ್ನೊಂದು ದೇಶಕ್ಕೆ ನಿಜವಾಗಿ ತಲುಪುವುದು ಹೇಗೆ, ದಾರಿಯಲ್ಲಿ ಸೋರಿಹೋಗುವುದು ಏನು?

ಮೈಸೂರು, ಮಂಡ್ಯದ ಓದುಗರಿಗೆ ಇದರಿಂದ ಏನಾಗಬೇಕು ಎಂಬ ಪ್ರಶ್ನೆ ಸಹಜ. ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ಈ ಎರಡೂ ಜಿಲ್ಲೆಗಳು ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿವೆ. ಕೆಳಗೆ ಪ್ರಾಚೀನ ಪರ್ಯಾಯದ್ವೀಪದ ನೈಸ್ ಶಿಲೆ, ಅದರ ಮೇಲೆ ಶಿಥಿಲ ಶಿಲೆ, ಅದರ ಮೇಲೆ ಕೆಂಪು ಮಣ್ಣು. ಹಿಮಾಲಯದ ತಪ್ಪಲಿನ ಊರುಗಳ ಆತಂಕ ನಮಗೆ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ 1993ರ ಸೆಪ್ಟೆಂಬರ್ 30ರಂದು 6.2 ಪ್ರಮಾಣದ ಕಂಪನದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ಲಾತೂರಿನ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಸುರಕ್ಷಿತವೆನಿಸಿದ ಒಂದನೇ ವಲಯದಲ್ಲಿತ್ತು, ಮತ್ತು 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಬೇಕಾಯಿತು. 1900ರ ಫೆಬ್ರವರಿ 8ರಂದು ಕೊಯಮತ್ತೂರು ಪ್ರದೇಶದಲ್ಲಿ ಹುಟ್ಟಿದ, ಸುಮಾರು 6 ಪ್ರಮಾಣದ ಕಂಪನವು ದಕ್ಷಿಣ ಭಾರತದ ಬಹುಭಾಗಕ್ಕೆ ಅನುಭವವಾಗಿತ್ತು. ಇವುಗಳನ್ನು ಹೇಳುವುದು ಹೆದರಿಸಲಿಕ್ಕಲ್ಲ. ಅಪರೂಪಕ್ಕೆ ಕಂಪಿಸುವ ನಾಡು ತನ್ನ ಅನುಭವದಿಂದ ಕಲಿಯಲಾರದು. ಅದು ಕಲಿಯುವುದಾದರೆ ಪರರ ಅನುಭವದಿಂದಲೇ ಕಲಿಯಬೇಕು. ಹಾಗಾಗಿ ಅಂತರರಾಷ್ಟ್ರೀಯ ಸಹಕಾರ ಎನ್ನುವುದು ಜಪಾನ್, ಕ್ಯಾಲಿಫೋರ್ನಿಯಾಗಳಿಗಿಂತ ನಮ್ಮಂಥ ಪ್ರದೇಶಗಳಿಗೇ ಹೆಚ್ಚು ಅಗತ್ಯವಾದದ್ದು.

ಕಂಪನಕ್ಕೆ ಮಣ್ಣು ಹೇಗೆ ವರ್ತಿಸುತ್ತದೆ ಎಂಬುದನ್ನು ಅಭ್ಯಸಿಸುವ ಭೂಕಂಪ ಭೂತಾಂತ್ರಿಕ ಶಾಸ್ತ್ರ ಇಂದಿನ ರೂಪ ತಾಳಲು ಆರಂಭಿಸಿದ್ದು 1964ರಲ್ಲಿ. ಆ ವರ್ಷದ ಮಾರ್ಚ್ 27ರಂದು ಅಲಾಸ್ಕದಲ್ಲಿ 9.2 ಪ್ರಮಾಣದ ಕಂಪನವಾಗಿ ಆಂಕರೇಜ್ ನಗರದ ಟರ್ನಗೇನ್ ಹೈಟ್ಸ್ ಬಡಾವಣೆಯ ನೆಲವೇ ಸಮುದ್ರದ ಕಡೆಗೆ ಜಾರಿತು. ಮೂರು ತಿಂಗಳೊಳಗೆ, ಜೂನ್ 16ರಂದು, ಜಪಾನಿನ ನೀಗಾಟ ನಗರದಲ್ಲಿ 7.5 ಪ್ರಮಾಣದ ಕಂಪನಕ್ಕೆ ಕವಾಗಿಶಿ-ಚೊ ಪ್ರದೇಶದ ವಸತಿ ಕಟ್ಟಡಗಳು ಗೋಡೆ ಒಡೆಯದೆಯೇ ಇಡಿಯಾಗಿ ಮಗ್ಗುಲಿಗೆ ವಾಲಿಕೊಂಡವು. ಕಾಂಕ್ರೀಟು ಸೋತಿರಲಿಲ್ಲ, ಅಡಿಯ ಮರಳು ಸೋತಿತ್ತು. ನೀರಿನಿಂದ ತುಂಬಿದ ಸಡಿಲ ಮರಳಿನ ಕಣಗಳು ಕಂಪನಕ್ಕೆ ಒತ್ತೊತ್ತಾಗಿ ಕೂರಲು ಹವಣಿಸುತ್ತವೆ. ನಡುವಿನ ನೀರಿಗೆ ಹೊರಹೋಗಲು ಸಮಯ ಸಿಗುವುದಿಲ್ಲ. ನೀರಿನ ಒತ್ತಡ ಏರಿ ಕಣಕಣದ ನಡುವಿನ ಹಿಡಿತ ಕಳಚುತ್ತದೆ. ಭಾರ ಹೊರುತ್ತಿದ್ದ ನೆಲ ಕೆಲವು ಹೊತ್ತು ದ್ರವದಂತೆ ವರ್ತಿಸುತ್ತದೆ. ಈ ದ್ರವೀಕರಣದ ಲೆಕ್ಕವನ್ನು ಸರಳ ವಿಧಾನವಾಗಿ ರೂಪಿಸಿದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಬೋಲ್ಟನ್ ಸೀಡ್ ಮತ್ತು ಇದ್ರಿಸ್, 1971ರಲ್ಲಿ. ಒಂದು ಬದಿಯಲ್ಲಿ ಮಣ್ಣಿನ ಗಟ್ಟಿತನದ ಅಳತೆ, ಇನ್ನೊಂದು ಬದಿಯಲ್ಲಿ ಕಂಪನವು ಮಣ್ಣಿನ ಮೇಲೆ ಹೇರುವ ಒತ್ತಡ. ಹಿಂದಿನ ಭೂಕಂಪಗಳಲ್ಲಿ ದ್ರವಿಸಿದ ಸ್ಥಳಗಳನ್ನೂ ದ್ರವಿಸದ ಸ್ಥಳಗಳನ್ನೂ ಬಿಂದುಗಳಾಗಿ ಗುರುತಿಸಿ, ಎರಡೂ ಗುಂಪುಗಳ ನಡುವೆ ಗೆರೆ ಎಳೆಯುವುದು. ಮುಂದಿನ ಐವತ್ತು ವರ್ಷ ಈ ಗೆರೆಯನ್ನು ಅನೇಕರು ತಿದ್ದಿದರು, ಆದರೆ ವಿಧಾನದ ಹುರುಳು ಬದಲಾಗಲಿಲ್ಲ.

ಆ ಗೆರೆಯ ಗುಣ ನಿಂತಿರುವುದು ಬಿಂದುಗಳ ಮೇಲೆ, ಬಿಂದುಗಳ ಗುಣ ನಿಂತಿರುವುದು ಅಳತೆಯ ಮೇಲೆ. ಮಣ್ಣಿನ ಗಟ್ಟಿತನವನ್ನು ಅಳೆಯಲು ಹೆಚ್ಚಾಗಿ ಬಳಸುವುದು ಎಸ್‌ಪಿಟಿ: 63.5 ಕೆ.ಜಿ. ತೂಕದ ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆಯೊಂದು 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುವ ಪರೀಕ್ಷೆ. ಹೊರನೋಟಕ್ಕೆ ಎಲ್ಲ ದೇಶಗಳಲ್ಲೂ ಇದು ಒಂದೇ. ಆದರೆ ಸುತ್ತಿಗೆಯನ್ನು ಹಗ್ಗ ಸುತ್ತಿ ಎಳೆದು ಬಿಡುತ್ತಾರೋ, ಸ್ವತಂತ್ರವಾಗಿ ಬೀಳಿಸುತ್ತಾರೋ ಎಂಬುದರ ಮೇಲೆ ಕೊಳವೆಗೆ ತಲುಪುವ ಶಕ್ತಿ ಬದಲಾಗುತ್ತದೆ. ಜಪಾನಿನ ಸ್ವತಂತ್ರ ಸುತ್ತಿಗೆ ಸೈದ್ಧಾಂತಿಕ ಶಕ್ತಿಯ ಮುಕ್ಕಾಲಿಗಿಂತ ಹೆಚ್ಚನ್ನು ದಾಟಿಸಿದರೆ, ಅಮೆರಿಕದ ಕೆಲವು ಹಗ್ಗದ ಸುತ್ತಿಗೆಗಳು ಅರ್ಧಕ್ಕಿಂತಲೂ ಕಡಿಮೆಯನ್ನು ದಾಟಿಸುತ್ತಿದ್ದವು. ಅಂದರೆ ಒಂದೇ ಮರಳಿಗೆ ಎರಡು ದೇಶಗಳಲ್ಲಿ ಎರಡು ಸಂಖ್ಯೆ. 1985ರಲ್ಲಿ ಅಮೆರಿಕ ಮತ್ತು ಜಪಾನಿನ ಸಂಶೋಧಕರು ಜೊತೆಗೂಡಿ 60 ಶೇಕಡಾ ಶಕ್ತಿಯನ್ನು ಸಾಮಾನ್ಯ ಮಟ್ಟವೆಂದು ಒಪ್ಪಿಕೊಂಡು ಹಳೆಯ ಸಂಖ್ಯೆಗಳನ್ನೆಲ್ಲ ಅದಕ್ಕೆ ಹೊಂದಿಸಿದ ಮೇಲೆಯೇ ಎರಡೂ ತೀರದ ಬಿಂದುಗಳು ಒಂದೇ ನಕ್ಷೆಯಲ್ಲಿ ಅರ್ಥಪೂರ್ಣವಾಗಿ ಕೂತವು. ಸಹಕಾರ ಎಂದಾಗ ನಮಗೆ ಸಮ್ಮೇಳನ, ಒಡಂಬಡಿಕೆ, ಧ್ವಜಗಳು ನೆನಪಾಗುತ್ತವೆ; ಈ ಶಾಸ್ತ್ರವನ್ನು ನಿಜವಾಗಿ ಮುಂದಕ್ಕೆ ತಳ್ಳಿದ್ದು ಸುತ್ತಿಗೆಯ ಹಗ್ಗದ ಕುರಿತಾದ ಇಂಥ ಬೇಸರದ ಕೆಲಸ.

ಅಳತೆಯ ಬದಲು ತೀರ್ಮಾನ ಮಾತ್ರ ಗಡಿ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ‘ಚೀನೀ ನಿಯಮ’ದ ಕಥೆ ಒಳ್ಳೆಯ ನಿದರ್ಶನ. 1975ರ ಹೈಚೆಂಗ್ ಮತ್ತು 1976ರ ತಾಂಗ್‌ಶಾನ್ ಭೂಕಂಪಗಳಲ್ಲಿ ಶುದ್ಧ ಮರಳಷ್ಟೇ ಅಲ್ಲದೆ ಜೇಡಿ ಬೆರೆತ ನುಣುಪು ಮಣ್ಣುಗಳೂ ಬಲ ಕಳೆದುಕೊಂಡದ್ದನ್ನು ಚೀನಾದ ಸಂಶೋಧಕರು ಗಮನಿಸಿ 1979ರಲ್ಲಿ ವರದಿ ಮಾಡಿದರು. ಅದನ್ನು ಆಧರಿಸಿ ಅಮೆರಿಕದಲ್ಲಿ 1982ರಲ್ಲಿ ಮೂರು ಷರತ್ತುಗಳ ಒಂದು ಸುಲಭ ನಿಯಮ ರೂಪುಗೊಂಡಿತು: 0.005 ಮಿ.ಮೀ.ಗಿಂತ ನುಣುಪಾದ ಕಣಗಳು 15 ಶೇಕಡಾಕ್ಕಿಂತ ಕಡಿಮೆ, ದ್ರವಮಿತಿ (ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶ) 35ಕ್ಕಿಂತ ಕಡಿಮೆ, ತೇವಾಂಶವು ದ್ರವಮಿತಿಯ 0.9 ಪಟ್ಟಿಗಿಂತ ಹೆಚ್ಚು. ಮೂರೂ ಕೂಡಿದರೆ ಆ ಮಣ್ಣಿನ ಬಗ್ಗೆ ಎಚ್ಚರ ವಹಿಸಬೇಕು, ಒಂದು ತಪ್ಪಿದರೂ ಚಿಂತೆಯಿಲ್ಲ. ನೆನಪಿಡಲು ಸುಲಭ, ಪ್ರಯೋಗಾಲಯದ ಖರ್ಚು ಕಡಿಮೆ, ವರದಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಹಾಗಾಗಿ ಅದು ಎರಡು ದಶಕಗಳ ಕಾಲ ಲೋಕವೆಲ್ಲ ಸಂಚರಿಸಿತು.

1999ರ ಆಗಸ್ಟ್ 17ರಂದು ಟರ್ಕಿಯ ಕೊಜಾಯೇಲಿ ಭೂಕಂಪ ಸಂಭವಿಸಿತು. ಸಕಾರ್ಯ ನದಿಯ ಮೆಕ್ಕಲು ಬಯಲಿನಲ್ಲಿರುವ ಅಡಪಜಾರಿ ಪಟ್ಟಣದಲ್ಲಿ ನಾಲ್ಕೈದು ಅಂತಸ್ತಿನ ನೂರಾರು ಕಟ್ಟಡಗಳು ನೆಲಕ್ಕೆ ಇಳಿದವು, ವಾಲಿದವು, ಕೆಲವು ಪಕ್ಕಕ್ಕೆ ಜಾರಿದವು. ಟರ್ಕಿಯ ಮತ್ತು ಅಮೆರಿಕದ ಎಂಜಿನಿಯರುಗಳು ಸೇರಿ ಹಾನಿಯಾದ ಕಟ್ಟಡಗಳ ಪಕ್ಕದಲ್ಲೂ ಹಾನಿಯಾಗದ ಕಟ್ಟಡಗಳ ಪಕ್ಕದಲ್ಲೂ ನೆಲ ಕೊರೆದು ಮಾದರಿ ತೆಗೆದಾಗ, ಚೀನೀ ನಿಯಮ ಸುರಕ್ಷಿತವೆಂದು ಹೇಳುತ್ತಿದ್ದ ಹೂಳುಮಣ್ಣುಗಳು ಬಲ ಕಳೆದುಕೊಂಡಿದ್ದು ಸ್ಪಷ್ಟವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೈವಾನಿನ ಚಿ-ಚಿ ಭೂಕಂಪವೂ ಇಂಥದೇ ಸಾಕ್ಷ್ಯ ಒದಗಿಸಿತು. ಕಣದ ಗಾತ್ರ ನಿರ್ಣಾಯಕವಲ್ಲ, ಮಣ್ಣಿನ ಪ್ಲಾಸ್ಟಿಸಿಟಿ ಸೂಚ್ಯಂಕವೂ (ಎಷ್ಟು ತೇವಾಂಶದ ವ್ಯಾಪ್ತಿಯಲ್ಲಿ ಅದು ನಾದಿದ ಹಿಟ್ಟಿನಂತೆ ಇರುತ್ತದೆ ಎಂಬ ಅಳತೆ) ಅದರ ತೇವಾಂಶಕ್ಕೂ ದ್ರವಮಿತಿಗೂ ಇರುವ ಅನುಪಾತವೂ ಮುಖ್ಯ ಎಂಬ ತೀರ್ಮಾನಕ್ಕೆ 2006ರ ಹೊತ್ತಿಗೆ ಶಾಸ್ತ್ರ ಬಂದು ನಿಂತಿತು. ಸೂಚ್ಯಂಕ 12ಕ್ಕಿಂತ ಕಡಿಮೆಯಿದ್ದು ಆ ಅನುಪಾತ 0.85ಕ್ಕಿಂತ ಹೆಚ್ಚಿದ್ದರೆ ಮಣ್ಣನ್ನು ಅನುಮಾನಿಸಬೇಕು ಎಂಬುದು ಅಡಪಜಾರಿಯ ಕೊಡುಗೆ. ಚೀನಾದವರು ಕಂಡದ್ದು ತಪ್ಪಾಗಿರಲಿಲ್ಲ. ಅವರು ನೋಡಿದ್ದು ಅವರ ಬಯಲಿನ ಮಣ್ಣನ್ನು, ಅವರ ಪರೀಕ್ಷಾ ಪದ್ಧತಿಯಲ್ಲಿ. ಆ ಮಣ್ಣು, ಆ ಪದ್ಧತಿ ಎರಡೂ ಹಿಂದೆ ಉಳಿದು ಮೂರು ಸಂಖ್ಯೆಗಳು ಮಾತ್ರ ಪ್ರಯಾಣ ಮಾಡಿದ್ದೇ ಸಮಸ್ಯೆಯಾಯಿತು.

ಮೂಲ ಅಳತೆಗಳನ್ನು ಕೂಡಿಸುವ ಕೆಲಸಕ್ಕೆ ಈಗ ಒಂದು ವ್ಯವಸ್ಥೆ ಬೆಳೆದಿದೆ. ಭೂಕಂಪದ ಸ್ಥಳಗಳಿಗೆ ಎಂಜಿನಿಯರುಗಳನ್ನು ಕಳುಹಿಸುವ ಬ್ರಿಟನ್ನಿನ ಈಫಿಟ್ 1982ರಲ್ಲಿ ಆರಂಭವಾಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನ ಗೀರ್ ತಂಡಗಳು ಭೂಕಂಪವಾದ ಕೆಲವೇ ದಿನಗಳಲ್ಲಿ ಸ್ಥಳ ತಲುಪುತ್ತವೆ. ಅಂತರರಾಷ್ಟ್ರೀಯ ಮೃತ್ತಿಕಾ ಯಂತ್ರಶಾಸ್ತ್ರ ಮತ್ತು ಭೂತಾಂತ್ರಿಕ ಎಂಜಿನಿಯರಿಂಗ್ ಸಂಘದಲ್ಲಿ ಇದಕ್ಕೆಂದೇ ತಾಂತ್ರಿಕ ಸಮಿತಿಯಿದೆ. ಆತುರಕ್ಕೆ ಕಾರಣವಿದೆ: ಉಕ್ಕಿಬಂದ ಮರಳಿನ ಗುಪ್ಪೆಗಳು ಒಂದು ಮಳೆಗೆ ಕೊಚ್ಚಿಹೋಗುತ್ತವೆ, ಬಿರುಕುಗಳನ್ನು ಜನ ಮುಚ್ಚುತ್ತಾರೆ, ಅವಶೇಷಗಳನ್ನು ಜೆಸಿಬಿ ಎತ್ತಿಬಿಡುತ್ತದೆ. ಪ್ರಯೋಗಾಲಯದ ಮಟ್ಟದಲ್ಲಿಯೂ ಒಂದು ಮೆಚ್ಚಬೇಕಾದ ಪ್ರಯತ್ನ ನಡೆದಿದೆ. ಲೀಪ್ ಎಂಬ ಯೋಜನೆಯಲ್ಲಿ ಅಮೆರಿಕ, ಬ್ರಿಟನ್, ಜಪಾನ್, ಚೀನಾ, ಕೊರಿಯಾ, ತೈವಾನಿನ ಸಂಸ್ಥೆಗಳು ಒಂದೇ ಬಗೆಯ ಒಟ್ಟಾವಾ ಮರಳನ್ನು ಬಳಸಿ ಒಂದೇ ಪ್ರಯೋಗವನ್ನು ಬೇರೆ ಬೇರೆ ಸೆಂಟ್ರಿಫ್ಯೂಜ್‌ಗಳಲ್ಲಿ (ಸಣ್ಣ ಮಾದರಿಯನ್ನು ವೇಗವಾಗಿ ತಿರುಗಿಸಿ ಆಳದ ಮಣ್ಣಿನ ಒತ್ತಡವನ್ನು ಅನುಕರಿಸುವ ಯಂತ್ರಗಳಲ್ಲಿ) ಮಾಡಿ ಫಲಿತಾಂಶಗಳನ್ನು ಹೋಲಿಸುತ್ತವೆ. ಒಬ್ಬರ ಯಂತ್ರದ ಮೇಲೆ ಇನ್ನೊಬ್ಬರು ಎಷ್ಟು ನಂಬಿಕೆ ಇಡಬಹುದು ಎಂಬುದನ್ನು ತಿಳಿಯಲು ಬೇರೆ ದಾರಿಯಿಲ್ಲ.

ಈ ವ್ಯವಸ್ಥೆಗೆ ಮಿತಿಗಳೂ ಇವೆ. ಮ್ಯಾನ್ಮಾರ್‌ನ ಅಂತರ್ಯುದ್ಧದಿಂದಾಗಿ 2025ರ ಭೂಕಂಪದ ಬಳಿಕ ಹೊರಗಿನ ತಂಡಗಳಿಗೆ ಮುಕ್ತವಾಗಿ ಓಡಾಡುವ ಅವಕಾಶ ಇರಲಿಲ್ಲ, ಐರಾವತಿಯ ಬಯಲಿನಲ್ಲಾದ ದ್ರವೀಕರಣದ ಬಹುಪಾಲು ಚಿತ್ರ ದೊರೆತದ್ದು ಉಪಗ್ರಹಗಳಿಂದ. ಇಲ್ಲಿ ಭಾರತದ ಪಾಲು ಸಣ್ಣದಲ್ಲ. ವಿಕೋಪದ ಹೊತ್ತಿನಲ್ಲಿ ಉಪಗ್ರಹ ಚಿತ್ರಗಳನ್ನು ಹಂಚಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇಸ್ರೊ 2001ರಲ್ಲೇ ಸೇರಿತು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಇಸ್ರೊ-ನಾಸಾ ಜಂಟಿ ಉಪಗ್ರಹ ನಿಸಾರ್, ನೆಲದ ಸೂಕ್ಷ್ಮ ಕದಲಿಕೆಯನ್ನು ಹನ್ನೆರಡು ದಿನಗಳಿಗೊಮ್ಮೆ ಅಳೆಯುವಂತೆ ರೂಪಿತವಾಗಿದೆ. ಆದರೆ ಉಪಗ್ರಹ ನೆಲದ ಮೇಲ್ಮೈಯನ್ನು ಮಾತ್ರ ನೋಡಬಲ್ಲದು. ಹತ್ತು ಮೀಟರ್ ಕೆಳಗಿನ ಮಣ್ಣಿನ ಪದರ ಯಾವುದೆಂದು ಹೇಳಲು ಇಂದಿಗೂ ಕೊರೆಯುವ ಯಂತ್ರವೇ ಬೇಕು.

ಮಂಡ್ಯದ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಪ್ರಕರಣ ಇಂಡೊನೇಷ್ಯಾದ ಪಾಲು ಕಣಿವೆಯದು. 2018ರ ಸೆಪ್ಟೆಂಬರ್ 28ರಂದು 7.5 ಪ್ರಮಾಣದ ಕಂಪನವಾದಾಗ ಅಲ್ಲಿನ ಪೆಟೊಬೊ, ಬಲರೋವಾ, ಜೊನೊ ಓಗೆ ಎಂಬ ಜನವಸತಿಗಳು ನೆಲದ ಸಮೇತ ಹರಿದುಹೋದವು. ಬೆಟ್ಟದ ಇಳಿಜಾರಲ್ಲ, ಕಣ್ಣಿಗೆ ಬಹುತೇಕ ಸಮತಟ್ಟಾಗಿ ಕಾಣುವ, ಒಂದರಿಂದ ಮೂರು ಡಿಗ್ರಿಗಳಷ್ಟೇ ಇಳಿಜಾರಿನ ಬಯಲು. ಮನೆ, ರಸ್ತೆ, ತೆಂಗಿನ ಮರಗಳು ನೂರಾರು ಮೀಟರ್ ದೂರ ಸಾಗಿ ಕೆಸರಿನಲ್ಲಿ ಹುದುಗಿದವು. ಭೂಕಂಪ ಮತ್ತು ಸುನಾಮಿಯೂ ಸೇರಿ ಸತ್ತವರು 4,000ಕ್ಕೂ ಹೆಚ್ಚು. ಮರುವರ್ಷವೇ ಪ್ರಕಟವಾದ ಸಂಶೋಧನೆಗಳು ಬೊಟ್ಟು ಮಾಡಿದ್ದು ಗುಂಬಾಸಾ ನಾಲೆಯ ಕಡೆಗೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಭತ್ತದ ಬೇಸಾಯಕ್ಕಾಗಿ ಕಟ್ಟಿದ ಆ ನಾಲೆಯು ದಶಕಗಳ ಕಾಲ ಕಣಿವೆಯ ಅಂಚಿನ ಸಡಿಲ ಮೆಕ್ಕಲಿಗೆ ನೀರುಣಿಸಿ ಅಂತರ್ಜಲವನ್ನು ಮೇಲಕ್ಕೆ ಏರಿಸಿತ್ತು. ಕಣಿವೆಯ ಪೂರ್ವ ಅಂಚಿನಲ್ಲಿ ದೊಡ್ಡ ಜಾರಿಕೆಗಳೆಲ್ಲ ನಾಲೆಯ ಕೆಳಗಿನ ನೀರಾವರಿ ಪ್ರದೇಶದಲ್ಲೇ ಆದವು, ಅದರ ಮೇಲಿನ ಒಣ ನೆಲ ಹೆಚ್ಚು ಕದಲಲಿಲ್ಲ. ಈ ವಿವರಣೆಯನ್ನು ಎಲ್ಲರೂ ಪೂರ್ತಿಯಾಗಿ ಒಪ್ಪಿಲ್ಲ. ಬಲರೋವಾ ಆ ನಾಲೆಯ ಅಚ್ಚುಕಟ್ಟಿನಲ್ಲಿರಲಿಲ್ಲ, ಮತ್ತು ಬೆಟ್ಟದ ಬುಡದಿಂದ ಒತ್ತಡದೊಂದಿಗೆ ಬರುವ ಒಳನೀರಿನ ಪಾತ್ರವನ್ನು ಅನಂತರದ ಜಂಟಿ ಅಧ್ಯಯನಗಳು ಮುಂದೆ ತಂದಿವೆ. ವಿವಾದ ಮುಗಿಯದೇ ಇರುವುದೇ ಇಲ್ಲಿ ಒಳ್ಳೆಯದು, ಏಕೆಂದರೆ ‘ನಾಲೆಯಿದ್ದರೆ ನೆಲ ಹರಿಯುತ್ತದೆ’ ಎಂಬ ಇನ್ನೊಂದು ಸುಲಭ ನಿಯಮ ಹುಟ್ಟಿ ಲೋಕ ಸುತ್ತುವುದನ್ನು ಅದು ತಡೆಯುತ್ತದೆ.

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಪಾಲು ಕಣಿವೆಯ ದುರಂತ ಮರುಕಳಿಸುತ್ತದೆಯೇ? ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಪಾಲು ಕಣಿವೆಯ ನಡುವೆಯೇ ಚುರುಕಾದ ಸ್ತರಭಂಗ ಹಾದುಹೋಗುತ್ತದೆ, ಅಲ್ಲಿನ ನೆಲ ಬೆಟ್ಟದಿಂದ ಇಳಿದುಬಂದ ಎಳೆಯ, ಸಡಿಲ ಮರಳು ಮತ್ತು ಹೂಳು. ಮಂಡ್ಯದ ಗದ್ದೆಗಳ ಅಡಿಯಲ್ಲಿರುವುದು ಬಹುಮಟ್ಟಿಗೆ ಶಿಲೆ ಶಿಥಿಲವಾಗಿ ಅಲ್ಲಿಯೇ ಮಾಗಿದ, ಜೇಡಿಯ ಅಂಟು ಇರುವ ಮಣ್ಣು. ಸ್ವಲ್ಪ ಕೆಳಗೆ ಕಲ್ಲು ಸಿಗುತ್ತದೆ. ಕಾವೇರಿ, ಲೋಕಪಾವನಿ, ಶಿಂಷಾ ಹೊಳೆಗಳ ದಂಡೆಯಲ್ಲಿ ಮರಳಿನ ಪಟ್ಟೆಗಳಿದ್ದರೂ ಅವು ಕಿರಿದು. ಆದರೆ ಪಾಲುವಿನ ಒಂದು ಸಂಗತಿ ಯಾವ ಮಣ್ಣಿಗೂ ಅನ್ವಯಿಸುತ್ತದೆ: ನೀರಾವರಿ ಬಂದ ಮೇಲೆ ನೆಲ ಮೊದಲಿನ ನೆಲವಾಗಿ ಉಳಿಯುವುದಿಲ್ಲ. ನಾಲೆ ಬಂದ ಕೆಲವೇ ದಶಕಗಳಲ್ಲಿ ಅಚ್ಚುಕಟ್ಟಿನ ತಗ್ಗುಗಳಲ್ಲಿ ಜೌಗು ಕಾಣಿಸಿಕೊಂಡದ್ದು ಮಂಡ್ಯದ ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಹಾಗಿದ್ದೂ ಕಟ್ಟಡಕ್ಕೋ ಸೇತುವೆಗೋ ಮಣ್ಣು ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ಅಂತರ್ಜಲ ಮಟ್ಟ ಎಂಬ ಕಡೆ ಒಂದು ಸಂಖ್ಯೆ ಇರುತ್ತದೆ, ಅಷ್ಟೆ. ನಾಲೆ ನಿಲ್ಲಿಸಿದ ಬೇಸಿಗೆಯಲ್ಲಿ ಅಳೆದದ್ದೋ, ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ನೀರು ಹರಿಯುತ್ತಿದ್ದ ವಾರದಲ್ಲಿ ಅಳೆದದ್ದೋ ಎಂಬುದು ಗೊತ್ತಾಗುವುದಿಲ್ಲ. ಎರಡಕ್ಕೂ ಹಲವು ಅಡಿಗಳ ವ್ಯತ್ಯಾಸ ಬರಬಹುದು, ಮತ್ತು ದ್ರವೀಕರಣದ ಯಾವ ಲೆಕ್ಕದಲ್ಲಿಯೂ ನೀರಿನ ಮಟ್ಟವೇ ಮೊದಲ ಪ್ರಶ್ನೆ.

ಕೆರೆ ಏರಿಗಳ ವಿಷಯಕ್ಕೆ ಬಂದರೆ ಪರದೇಶದ ಪಾಠ ಇನ್ನಷ್ಟು ನೇರವಾಗುತ್ತದೆ. 1971ರ ಫೆಬ್ರವರಿ 9ರ ಭೂಕಂಪದಲ್ಲಿ ಕ್ಯಾಲಿಫೋರ್ನಿಯಾದ ಲೋವರ್ ಸ್ಯಾನ್ ಫರ್ನಾಂಡೊ ಅಣೆಕಟ್ಟಿನ ಒಳಮೈ ತನ್ನ ನೆತ್ತಿಯನ್ನೂ ಎಳೆದುಕೊಂಡು ಜಲಾಶಯದೊಳಕ್ಕೆ ಜಾರಿತು. ಉಳಿದ ಮಣ್ಣಿನ ಗೋಡೆ ನೀರಿಗಿಂತ ಒಂದೆರಡು ಮೀಟರ್ ಮಾತ್ರ ಮೇಲಿತ್ತು, ಕೆಳಗಿನ ಸುಮಾರು 80,000 ಜನರನ್ನು ತೆರವುಗೊಳಿಸಬೇಕಾಯಿತು. 2001ರ ಜನವರಿ 26ರಂದು ಕಚ್ಛ್‌ನಲ್ಲಿ ಚಾಂಗ್, ತಪ್ಪರ್, ಫತೇಗಢ, ಕಸ್ವತಿ ಮೊದಲಾದ ಮಣ್ಣಿನ ಅಣೆಗಳು ಅಡಿಯ ಮೆಕ್ಕಲು ಬಲ ಕಳೆದುಕೊಂಡು ಬಿರಿದು ಕುಸಿದರೂ ದೊಡ್ಡ ಪ್ರವಾಹವಾಗಲಿಲ್ಲ, ಏಕೆಂದರೆ ಬರಗಾಲದಿಂದ ಅವುಗಳಲ್ಲಿ ನೀರು ತಳ ಸೇರಿತ್ತು. ಅದೃಷ್ಟವನ್ನು ವಿನ್ಯಾಸವೆಂದು ಭಾವಿಸಬಾರದು ಎನ್ನಲು ಹತ್ತೇ ವರ್ಷಗಳಲ್ಲಿ ಜಪಾನ್ ಸಾಕ್ಷಿಯಾಯಿತು. 2011ರ ಮಾರ್ಚ್ 11ರಂದು, 1949ರಲ್ಲಿ ಪೂರ್ಣಗೊಂಡಿದ್ದ ಸುಮಾರು 18 ಮೀ. ಎತ್ತರದ ಫುಜಿನುಮ ನೀರಾವರಿ ಅಣೆ ಒಡೆದು ಎಂಟು ಜೀವಗಳು ಹೋದವು. ಜಪಾನಿನಲ್ಲಿ ಇಂಥ ಹಳೆಯ ನೀರಾವರಿ ಕೆರೆಗಳು ಒಂದು ಲಕ್ಷಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹಳಷ್ಟು ಲೆಕ್ಕಾಚಾರದ ಕಾಲಕ್ಕಿಂತ ಹಿಂದಿನವು. ಅಷ್ಟರ ಮಟ್ಟಿಗೆ ಅದರ ಸಮಸ್ಯೆ ಹಳೆ ಮೈಸೂರು ಸೀಮೆಯ ಸಮಸ್ಯೆಗೆ ಹತ್ತಿರದ್ದು.

ನಮ್ಮಲ್ಲಿ ಏರಿ ಒಡೆಯುವುದು ಭೂಕಂಪದಿಂದಲ್ಲ, ಮಳೆಯಿಂದ: ಕೋಡಿ ಒತ್ತುವರಿಯಾಗಿ ನೀರು ಏರಿ ಹತ್ತುತ್ತದೆ, ಇಲ್ಲವೇ ತೂಬಿನ ಪಕ್ಕದ ಸೋರಿಕೆ ವರ್ಷವರ್ಷಕ್ಕೆ ಮಣ್ಣನ್ನು ಕೊರೆಯುತ್ತದೆ. ಹಾಗಾಗಿ ‘ಭೂಕಂಪ ನಿರೋಧಕ ಕೆರೆ’ ಎಂಬ ಪ್ರತ್ಯೇಕ ಯೋಜನೆ ಯಾರಾದರೂ ತಂದರೆ ಅದನ್ನು ಸಂಶಯದಿಂದಲೇ ನೋಡಬೇಕು. ಸೋರಿಕೆಯಿಂದ ನೆನೆದ ಏರಿಯೇ ಕಂಪನಕ್ಕೂ ದುರ್ಬಲ. ಏರಿಯೊಳಗಿನ ನೀರಿನ ಮಟ್ಟವನ್ನು ಅಳೆಯುವ ನಾಲ್ಕು ಕೊಳವೆಗಳನ್ನು ಇಳಿಸಿದರೆ ಎರಡೂ ಅಪಾಯಗಳಿಗೆ ಒಂದೇ ಉತ್ತರ ದೊರೆಯುತ್ತದೆ. ತೊಣ್ಣೂರು ಕೆರೆ, ಸೂಳೆಕೆರೆಯಂಥ ದೊಡ್ಡ ಕೆರೆಗಳಿಂದ ಇದನ್ನು ಆರಂಭಿಸಬಹುದು. ಮಣ್ಣು ಪರೀಕ್ಷಿಸಬಲ್ಲ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಕೃಷ್ಣರಾಜಸಾಗರದಲ್ಲೇ ಇದೆ.

ಕೃಷ್ಣರಾಜಸಾಗರದ ಅಣೆಕಟ್ಟೆಯ ಪ್ರಶ್ನೆ ಬೇರೆ. ಅದು ಮಣ್ಣಿನದಲ್ಲ, ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಅಣೆ, ಮತ್ತು ಬಂಡೆಯ ಮೇಲೆ ನಿಂತಿದೆ. ಅದಕ್ಕೆ ಹೊಂದುವ ಹೋಲಿಕೆ ಪಾಲು ಕಣಿವೆ ಅಲ್ಲ, ಮಹಾರಾಷ್ಟ್ರದಲ್ಲಿ 1967ರ ಡಿಸೆಂಬರ್ 11ರಂದು ಸಂಭವಿಸಿದ ಕೊಯ್ನಾ ಭೂಕಂಪ. ಅಲ್ಲಿ ಕಾಂಕ್ರೀಟ್ ಅಣೆಯ ಮೇಲ್ಭಾಗದಲ್ಲಿ, ಹೊರಮೈಯ ಇಳಿಜಾರು ಬದಲಾಗುವ ಮಟ್ಟದಲ್ಲಿ ಬಿರುಕುಗಳು ಮೂಡಿದವು, ಯುನೆಸ್ಕೊದ ತಜ್ಞರ ಸಮಿತಿ ಬಂದು ಪರಿಶೀಲಿಸಿತು, ಜಲಾಶಯದಿಂದ ಪ್ರಚೋದಿತವಾದ ಕಂಪನಗಳ ಅಧ್ಯಯನಕ್ಕೆ ಕೊಯ್ನಾ ಲೋಕಪ್ರಸಿದ್ಧ ಉದಾಹರಣೆಯಾಯಿತು. ಕನ್ನಂಬಾಡಿಯ ಸುತ್ತ ಕೆಲವು ವರ್ಷಗಳಿಂದ ನಡೆಯುತ್ತಿರುವ ಚರ್ಚೆ ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟಗಳದು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. ಸ್ಫೋಟದ ಕಂಪನವೂ ಭೂಕಂಪದ ಕಂಪನವೂ ಒಂದೇ ಅಲ್ಲ: ಮೊದಲನೆಯದು ಕ್ಷಣಿಕ, ಹೆಚ್ಚು ಆವರ್ತನದ್ದು, ದೂರ ಹೋದಂತೆ ಬೇಗ ಕುಂದುತ್ತದೆ, ಎರಡನೆಯದು ದೀರ್ಘ, ನಿಧಾನ. ಗಣಿಗಾರಿಕೆಯ ಪರ, ವಿರೋಧ ಎರಡೂ ಕಡೆಯವರು ಇವನ್ನು ಬೆರೆಸಿ ಮಾತನಾಡುತ್ತಿರುವುದಕ್ಕೆ ಕಾರಣ, ಅಣೆಯ ಮೈಮೇಲೆ ವರ್ಷಗಟ್ಟಲೆ ದಾಖಲಾದ ಅಳತೆಗಳು ಸಾರ್ವಜನಿಕರ ಎದುರು ಇಲ್ಲದಿರುವುದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 30 ಮೀ. ಅಥವಾ ಅದಕ್ಕಿಂತ ಎತ್ತರದ ಅಣೆಗಳ ಬಳಿ ಭೂಕಂಪ ಮಾಪನ ಕೇಂದ್ರ ಸ್ಥಾಪಿಸಬೇಕೆಂದು ವಿಧಿಸುತ್ತದೆ, ಕನ್ನಂಬಾಡಿ ಅದಕ್ಕಿಂತ ಎತ್ತರದ್ದು. ಅಲ್ಲಿನ ದಾಖಲೆಗಳನ್ನು ಜನರ ಮುಂದಿಡುವುದೇ ಈ ವಿವಾದಕ್ಕೆ ಸರಿಯಾದ ಉತ್ತರ ಎಂಬುದು ನನ್ನ ಅಭಿಪ್ರಾಯ.

ಮೈಸೂರು ನಗರದಲ್ಲಿ ಪರೀಕ್ಷಿಸಬೇಕಾದದ್ದು ಹಳೆಯ ಕೆರೆಯಂಗಳಗಳು. ಸ್ಯಾನ್ ಫ್ರಾನ್ಸಿಸ್ಕೊದ ಮರೀನಾ ಬಡಾವಣೆಯ ಒಂದು ಭಾಗ 1915ರ ವಸ್ತುಪ್ರದರ್ಶನಕ್ಕಾಗಿ ಕೊಲ್ಲಿಯ ನೀರನ್ನು ಹೂಳಿನಿಂದ ತುಂಬಿಸಿ ಮಾಡಿದ ನೆಲ. ಪ್ರದರ್ಶನ ಮುಗಿದ ಮೇಲೆ ಅಲ್ಲಿ ಮನೆಗಳಾದವು, 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ನಗರದಲ್ಲೆಲ್ಲ ಹೆಚ್ಚು ನರಳಿದ ಬಡಾವಣೆಗಳಲ್ಲಿ ಅದೂ ಒಂದು. ಮೈಸೂರಿನ ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನವೂ ಒಂದು ಕಾಲದ ಕೆರೆಯ ಅಂಗಳ. ಅದು ಮೈದಾನವಾಗಿ ಉಳಿದಿರುವುದರಿಂದ ಅಲ್ಲಿ ಆತಂಕಪಡಬೇಕಿಲ್ಲ. ಆದರೆ ನಗರದ ಹೊರವಲಯದಲ್ಲಿ ಸಣ್ಣ ಕೆರೆಕಟ್ಟೆಗಳನ್ನೂ ರಾಜಕಾಲುವೆಗಳನ್ನೂ ಮುಚ್ಚಿ ಹೊರಗಿನ ಮಣ್ಣು ಸುರಿದು ನಿವೇಶನ ಮಾಡಿದ ಕಡೆಗಳಲ್ಲಿ, ಕೆಳಗೆ ಕೆರೆಯ ಗೋಡು, ಮೇಲೆ ಲಾರಿಯಲ್ಲಿ ತಂದ ತುಂಬುಮಣ್ಣು ಇರುತ್ತದೆ. ಭೂಕಂಪ ಬರಲಿ ಬಿಡಲಿ, ಅಲ್ಲಿ ಪಾಯ ಸಮನಾಗಿ ಕೂರುವುದಿಲ್ಲ. ಬಂದರೆ ಅಂಥ ಮೆತ್ತನೆಯ ಪದರ ಕಂಪನವನ್ನು ಹೆಚ್ಚಿಸುತ್ತದೆ ಎಂಬುದನ್ನು ಮೆಕ್ಸಿಕೊ ಕಲಿಸಿದೆ. ಎಲ್ಲೆಲ್ಲಿ ಹೀಗಿದೆ ಎಂದು ತಿಳಿಯಲು ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಗಳೇ ಬಹುಮಟ್ಟಿಗೆ ಸಾಕು.

ಮಣ್ಣಿನ ಮಾಹಿತಿ ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಸೇತುವೆಗಳಿಗೆ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಬೈಪಾಸುಗಳಿಗೆ, ಅಪಾರ್ಟ್‌ಮೆಂಟುಗಳಿಗೆ, ಆಸ್ಪತ್ರೆಗಳಿಗೆ ನೆಲ ಕೊರೆಯದೆ ಕಟ್ಟಿರಲು ಸಾಧ್ಯವಿಲ್ಲ. ಆ ಬೋರ್‌ಲಾಗ್‌ಗಳು, ಅಂದರೆ ಕೊರೆದಾಗ ಸಿಕ್ಕ ಪದರಗಳ ದಾಖಲೆಗಳು, ಗುತ್ತಿಗೆದಾರರ, ಸಲಹೆಗಾರರ, ಇಲಾಖೆಗಳ ಕಡತಗಳಲ್ಲಿ ಚದುರಿವೆ. ಕೆಲಸ ಮುಗಿದ ಮೇಲೆ ಅವು ಯಾರಿಗೂ ಬೇಡ. ಬೆಂಗಳೂರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ನೂರಾರು ಬೋರ್‌ಲಾಗ್‌ಗಳನ್ನು ಕಲೆಹಾಕಿ, ನಗರದೊಳಗೆ ಜಾಗದಿಂದ ಜಾಗಕ್ಕೆ ಬದಲಾಗುವ ಭೂಕಂಪದ ಅಪಾಯವನ್ನು ತೋರಿಸುವ ಸೂಕ್ಷ್ಮ ವಲಯ ನಕ್ಷೆ ರೂಪಿಸಿದ್ದಾರೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಇನ್ನೂ ಮುಂದೆ ಹೋಯಿತು. 2011ರ ಫೆಬ್ರವರಿ 22ರ ಭೂಕಂಪದಲ್ಲಿ 185 ಜನ ಸತ್ತು, ದ್ರವೀಕರಣದಿಂದಾಗಿ ಸುಮಾರು 8,000 ಮನೆಗಳ ನೆಲವನ್ನು ಸರ್ಕಾರ ಕೊಂಡು ತೆರವುಗೊಳಿಸಬೇಕಾಗಿ ಬಂದ ಮೇಲೆ, ಖಾಸಗಿ ಎಂಜಿನಿಯರುಗಳೂ ವಿಮಾ ಸಂಸ್ಥೆಗಳೂ ಸರ್ಕಾರವೂ ತಮ್ಮ ಮಣ್ಣು ಪರೀಕ್ಷೆಯ ಮಾಹಿತಿಯನ್ನು ಒಂದೇ ಭಂಡಾರಕ್ಕೆ ಸುರಿದವು. ತನ್ನದನ್ನು ಕೊಟ್ಟವನಿಗೆ ಇತರರದ್ದನ್ನು ಬಳಸುವ ಅವಕಾಶ. ಆ ಕಟ್ಟಳೆಯೇ ವ್ಯವಸ್ಥೆಯನ್ನು ನಡೆಸಿತು. ಇಂದು ಅದು ಇಡೀ ದೇಶದ ಭೂತಾಂತ್ರಿಕ ಭಂಡಾರವಾಗಿದೆ, ಜಗತ್ತಿನ ಸಂಶೋಧಕರು ಅದನ್ನು ಬಳಸುತ್ತಾರೆ. ಇದಕ್ಕಿದ್ದ ಕಾನೂನಿನ ಅಡ್ಡಿ ನಮ್ಮಲ್ಲೂ ತಕ್ಕಮಟ್ಟಿಗೆ ಸರಿದಿದೆ: ಕೇಂದ್ರ ಸರ್ಕಾರದ 2021ರ ಫೆಬ್ರವರಿಯ ಮಾರ್ಗಸೂಚಿಗಳು ಭೂಸ್ಥಾನಿಕ ಮಾಹಿತಿಯನ್ನು ಸಂಗ್ರಹಿಸಿ ಹಂಚುವುದರ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿದವು.

ಮೈಸೂರಿನ ಮತ್ತು ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳುವುದು ಸಾಧ್ಯ. ನಗರಪಾಲಿಕೆ ಮತ್ತು ಅಭಿವೃದ್ಧಿ ಪ್ರಾಧಿಕಾರಗಳು ಕಟ್ಟಡ ಪರವಾನಗಿಗೆ ಸಲ್ಲಿಸುವ ಮಣ್ಣು ಪರೀಕ್ಷೆಯ ಒಂದು ಪ್ರತಿಯನ್ನು ನಿಗದಿತ ನಮೂನೆಯಲ್ಲಿ ಕೇಳಿದರೆ ಸಾಕು. ಆದರೆ ನಮೂನೆಯೇ ಇಲ್ಲಿ ಎಲ್ಲವೂ. ಕೊರೆದ ಸ್ಥಳದ ಅಕ್ಷಾಂಶ-ರೇಖಾಂಶ, ಯಾವ ಬಗೆಯ ಸುತ್ತಿಗೆ, ಅದರ ಶಕ್ತಿಯನ್ನು ಅಳೆದಿದ್ದಾರೆಯೇ, ನೀರಿನ ಮಟ್ಟ ನೋಡಿದ ದಿನಾಂಕ ಮತ್ತು ಆಗ ನಾಲೆಯಲ್ಲಿ ನೀರಿತ್ತೇ, ನುಣುಪು ಮಣ್ಣಾಗಿದ್ದರೆ ಅದರ ಪ್ಲಾಸ್ಟಿಸಿಟಿ ಸೂಚ್ಯಂಕ ಎಷ್ಟು ಎಂಬ ವಿವರಗಳಿಲ್ಲದ ವರದಿಯಲ್ಲಿನ ಪೆಟ್ಟಿನ ಸಂಖ್ಯೆಯನ್ನು ನೀಗಾಟ ಅಥವಾ ಅಡಪಜಾರಿಯ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಲಾಗದು. 2016ರ ಭಾರತೀಯ ಮಾನಕವೂ ದ್ರವೀಕರಣದ ಲೆಕ್ಕಕ್ಕೆ ಶಕ್ತಿಗೆ ಹೊಂದಿಸಿದ ಸಂಖ್ಯೆಯನ್ನೇ ಕೇಳುತ್ತದೆ.

ಇಂಥ ದಾಖಲೆಯಿಂದ ನಮಗೆ ಮಾತ್ರ ಪ್ರಯೋಜನ ಎಂದುಕೊಳ್ಳಬೇಕಿಲ್ಲ. ಇಂದು ಅಂತರರಾಷ್ಟ್ರೀಯ ಭಂಡಾರಗಳಲ್ಲಿರುವ ಪ್ರಕರಣಗಳು ಬಹುಪಾಲು ಜಪಾನ್, ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್, ತೈವಾನ್, ಟರ್ಕಿಗಳ ಮೆಕ್ಕಲು ಬಯಲುಗಳವು. ಉಷ್ಣವಲಯದಲ್ಲಿ ಶಿಲೆ ಶಿಥಿಲವಾಗಿ ಆದ ಕೆಂಪು ಮಣ್ಣು ಅವುಗಳಲ್ಲಿ ಅತಿ ವಿರಳ. ದ್ರವಿಸಿದ ನೆಲಕ್ಕೂ ದ್ರವಿಸದ ನೆಲಕ್ಕೂ ನಡುವೆ ಗೆರೆ ಎಳೆಯಲು ಎರಡೂ ಬಗೆಯ ಬಿಂದುಗಳು ಬೇಕು, ಮತ್ತು ಏನೂ ಆಗದ ಜಾಗಗಳಿಗೆ ಯಾವ ತಂಡವೂ ವಿಮಾನ ಹತ್ತಿ ಬರುವುದಿಲ್ಲ. ನಾಳೆ ದಕ್ಷಿಣ ಭಾರತದಲ್ಲಿ ಕೊಯಮತ್ತೂರಿನಂಥ ಮಧ್ಯಮ ಕಂಪನವೊಂದು ಬಂದು, ಮಂಡ್ಯದ ನೆನೆದ ಗದ್ದೆಯೂ ಕೆರೆ ಏರಿಯೂ ಅಲುಗದೆ ನಿಂತರೆ ಅದೇ ಒಂದು ಅಮೂಲ್ಯ ಬಿಂದು. ಆದರೆ ಕಂಪನಕ್ಕೆ ಮೊದಲೇ ಅಲ್ಲಿನ ಮಣ್ಣನ್ನು ಅಳೆದಿರಬೇಕು, ಸಮೀಪದಲ್ಲಿ ಕಂಪನ ಮಾಪಕವೊಂದು ಕೆಲಸ ಮಾಡುತ್ತಿರಬೇಕು, ಅದರ ದಾಖಲೆ ಕೇಳಿದವರಿಗೆ ದೊರೆಯುವಂತಿರಬೇಕು.